ಮಿನಾಜಕ್ಕನ ದೆವ್ವ ಸೋಲುವುದಿಲ್ಲ

ಶಾಲು ಹೊದಿಸಿಕೊಂಡವರ ಬಗ್ಗೆ, ಹಾರ ಹಾಕಿಸಿಕೊಂಡವರ ಬಗ್ಗೆ ಬರೆಯಲು ವಿಜಯಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬರೆದುಕೊಳ್ಳಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ನಾನು ಬರೆಯುತ್ತಿರುವುದು ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಕುಳಿತು ದೆವ್ವದ ಪುಸ್ತಕ, ರಾಕೆಟ್ಟಿನ ಪುಸ್ತಕ ಓದುವ ಮಿನಾಜಕ್ಕನ ಬಗ್ಗೆ. ಅಯ್ಯೋ ದೆವ್ವದ ಪುಸ್ತಕವೇ ಎಂದು ಮೂಗು ಮುರಿಯುವವರು ಇಲ್ಲಿಗೇ ನಿಲ್ಲಿಸಬಹುದು. ಮೂಗು ಅವರದು, ಎಷ್ಟು ಬೇಕೋ ಅಷ್ಟು ಮುರಿದುಕೊಳ್ಳಲಿ.

ನಾನು ರಾಚವ್ವ. ಬಿ.ಎ. ಮುಗಿಸಿ, ನೌಕರಿ ನೌಕರಿ ಎಂದು ಅಲೆದು, ಕೊನೆಗೆ ನಮ್ಮೂರ ಶಂಕರೆಪ್ಪ ಸಾಹುಕಾರರ ಶೆಡ್ಡಿನಲ್ಲೇ ತೂಕ ನೋಡುವ ಕೆಲಸಕ್ಕೆ ನಿಂತವಳು. ನಮ್ಮ ಸೀಮೆಯಲ್ಲಿ ದ್ರಾಕ್ಷಿಯನ್ನು ಜಾಳಿಗೆಯ ಮೇಲೆ ಹರವಿ ಒಣಗಿಸುತ್ತಾರೆ. ಒಣಗಿದ ಮೇಲೆ ಅದು ಹೆಣ್ಣುಮಕ್ಕಳ ಮುಂದೆ ಬಂದು ಬೀಳುತ್ತದೆ. ಕಡ್ಡಿ ತೆಗೆಯಬೇಕು, ಕಪ್ಪಾದದ್ದನ್ನು ತೆಗೆಯಬೇಕು, ಜಜ್ಜಿದ್ದನ್ನು ತೆಗೆಯಬೇಕು, ಹಸಿರು ಉದ್ದನೆಯದನ್ನು ಬೇರೆ ಮಾಡಬೇಕು. ಬೆಳಗಿನಿಂದ ಸಂಜೆಯವರೆಗೆ ಕೈಗೂ ಕೆಲಸ, ಕಣ್ಣಿಗೂ ಕೆಲಸ. ಕಿವಿ ಮಾತ್ರ ಖಾಲಿ. ಮೊದಲು ಮೊಬೈಲಿನಲ್ಲಿ ಹಾಡು ಹಾಕುತ್ತಿದ್ದರು. ಯಾರ ಹಾಡು ಹಾಕಬೇಕು ಎಂದು ದಿನಾ ಜಗಳ. ಒಂದು ದಿನ ಜಡೆ ಹಿಡಿದು ಎಳೆದಾಡುವತನಕ ಹೋಯಿತು. ಆವತ್ತು ಮಿನಾಜಕ್ಕ ಚೀಲದಿಂದ ಒಂದು ಪುಸ್ತಕ ತೆಗೆದು, ಯಾರನ್ನೂ ಕೇಳದೆ, ಜೋರಾಗಿ ಓದಲು ಶುರುಮಾಡಿದಳು. ಜಡೆ ಹಿಡಿದವರು ಜಡೆ ಬಿಟ್ಟು ಕುಳಿತರು.

ಅಂದಿನಿಂದ ನಮ್ಮ ಶೆಡ್ಡಿಗೆ ಒಂದು ಪದ್ಧತಿಯಾಯಿತು. ಮಿನಾಜಕ್ಕ ಓದುತ್ತಾಳೆ, ಉಳಿದವರು ಆರಿಸುತ್ತಾರೆ. ಓದುವವಳ ಕೈ ಆಡುವುದಿಲ್ಲ, ಕೈ ಆಡದಿದ್ದರೆ ಕೂಲಿ ಇಲ್ಲ. ಅದಕ್ಕೇ ಪ್ರತಿಯೊಬ್ಬಳೂ ತಾನು ಆರಿಸಿದ್ದರಲ್ಲಿ ಒಂದೊಂದು ಬೊಗಸೆ ಅವಳ ಕ್ರೇಟಿಗೆ ಸುರಿಯಬೇಕು. ಯಾರೂ ನೆನಪು ಮಾಡಬೇಕಾಗಿಲ್ಲ. ಕತೆ ಚೆನ್ನಾಗಿದ್ದ ದಿನ ಬೊಗಸೆ ದೊಡ್ಡದಾಗಿರುತ್ತದೆ, ಅಷ್ಟೇ.

ಒಂದು ದಿನ ದೆವ್ವ, ಒಂದು ದಿನ ರಾಕೆಟ್ಟು. ಇದು ಅವಳ ಕಟ್ಟುನಿಟ್ಟು. ದೆವ್ವದ ಬಗ್ಗೆ ಅವಳಿಗೆ ಅವಳದೇ ಅಭಿಪ್ರಾಯಗಳಿದ್ದವು, ಅದನ್ನು ಓದುತ್ತ ಓದುತ್ತ ನಡುವೆಯೇ ಹೇಳಿಬಿಡುವವಳು. ಸುಮ್ಮಸುಮ್ಮನೆ ಕಿರುಚುವ ದೆವ್ವ ಬಂತೆಂದರೆ ಪುಸ್ತಕ ಮಡಚಿ, "ಇವಂಗ ಬರಿಯಾಕ ಬರಂಗಿಲ್ಲ. ದೆವ್ವಕ್ಕ ಒಂದ ಕಾರಣ ಬ್ಯಾಡೇನು? ಪಗಾರ ಕೊಟ್ಟ ಒದರಸಾಕತ್ತಾನೇನು?" ಎಂದು ಬರೆದವನಿಗೆ ಬೈಯುವವಳು. ರಕ್ತ ಸುರಿಸುವ ಕತೆಗಳೆಂದರೆ ಅವಳಿಗೆ ಆಗದು. "ಹೆದರಸಾಕ ರಕ್ತ ಯಾಕ ಬೇಕ? ಒಲಿ ಮ್ಯಾಲ ಇಟ್ಟ ಹಾಲು, ಮನ್ಯಾಗ ಯಾರೂ ಇಲ್ಲದಾಗ ತಾನ ಕೆಳಗ ಇಳದ ಕುಂತಿದ್ರ ಸಾಕ. ನನ್ನ ಜೀವ ಹಾರತೈತಿ."

ಬಿಳಿ ಸೀರೆ ಉಟ್ಟು ಬರುವ ಸತ್ತ ಸೊಸೆಯ ಕತೆಗಳು ಮಾತ್ರ ಅವಳಿಗೆ ಪ್ರಾಣ. "ಬದುಕಿದ್ದಾಗ ಆಕಿ ಮಾತ ಒಂದ ನರಪಿಳ್ಳೆನೂ ಕೇಳಲಿಲ್ಲ. ಸತ್ತ ಮ್ಯಾಲ ಬಾಯಿ ತಗದ್ಳು, ಊರಿಗೆ ಊರ ಕೇಳಾಕತ್ತೈತಿ. ಹೇಳ್ರಿ ನೀವ, ತಪ್ಪ ಯಾರದು?" ಎಂದು ನಮ್ಮನ್ನೇ ಕೇಳುವಳು. ಆ ದಿನ ಬೊಗಸೆ ದೊಡ್ಡದಾಗಿರುತ್ತಿತ್ತು.

ರಾಕೆಟ್ಟಿನ ಪುಸ್ತಕಗಳ ಮೇಲೆ ಅವಳಿಗೆ ಪ್ರೀತಿಯೂ ಇತ್ತು, ಸಿಟ್ಟೂ ಇತ್ತು. "ದೆವ್ವದ ಪುಸ್ತಕ ಆಗಿ ಹೋದದ್ದಕ್ಕ ಅಳತೈತಿ. ಈ ಪುಸ್ತಕ ಹಂಗಲ್ಲ. ಹಿಂಗ ಯಾಕ ಇರಬೇಕು, ಬ್ಯಾರೆ ಇದ್ರ ಏನಾಕ್ಕಿತ್ತು ಅಂತ ಕೇಳತೈತಿ. ಕೇಳಾಕೂ ಧೈರ್ಯ ಬೇಕ ನೋಡ್ರಿ" ಎನ್ನುವಳು. ಅದೇ ಉಸಿರಿನಲ್ಲಿ, "ಆದ್ರ ಸಾವಿರ ವರ್ಷ ಮುಂದ ಹೋಗ್ಯಾರ, ರಾಕೆಟ್ಟಿನ್ಯಾಗ ಚಹಾ ತರಾಕಿ ಇನ್ನೂ ಹೆಣ್ಣಮಗಳ! ಇಷ್ಟ ಬದಲಾಗಲಿಲ್ಲ ಅಂದ ಮ್ಯಾಲ ಅಷ್ಟ ದೂರ ಯಾಕ ಹೋದ ಭಾಡ್ಯಾ?" ಎಂದು ಉಗಿಯುವಳು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಸಕ್ರವ್ವ. ಬಾಯಲ್ಲಿ ತಂಬಾಕು ಇಲ್ಲದೆ ಆಕೆಯನ್ನು ಯಾರೂ ನೋಡಿಲ್ಲ. ಒಮ್ಮೆ ಮಂಗಳ ಗ್ರಹಕ್ಕೆ ಹೊರಟ ಹಡಗಿನ ಕತೆ ಭರದಿಂದ ನಡೆದಿದ್ದಾಗ ಆಕೆ ಕೇಳಿದಳು: "ಅಲ್ಲಬೇ ಮಿನಾಜವ್ವ, ಅದರಾಗ ಹೆಣ್ಣಮಕ್ಕಳು ಕಾಲಮಡಿಯಾಕ ಎಲ್ಲಿ ಹೋಗತಾರ?" ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. ಮಿನಾಜಕ್ಕ ನಗಲಿಲ್ಲ. ಹಿಂದೆ ಮುಂದೆ ಹಾಳೆ ತಿರುವಿ ಹುಡುಕಿದಳು. "ಬರದಿಲ್ಲ ಸಕ್ರವ್ವ. ನೀ ಕೇಳಿದ್ದು ಖರೇ ಐತಿ. ಇಷ್ಟ ವಿಚಾರ ಮಾಡದಂವ ಹಡಗ ಯಾಕ ಹಾರಿಸಿದ?" ಎಂದು ಆ ಪುಸ್ತಕವನ್ನು ಅಲ್ಲಿಗೇ ಬಿಟ್ಟಳು. ಅದರ ಮುಂದಿನ ಕತೆ ಏನಾಯಿತೋ ನಮಗೆ ಇವತ್ತಿಗೂ ಗೊತ್ತಿಲ್ಲ.

ಅವಳಿಗೆ ಈ ಹುಚ್ಚು ಎಲ್ಲಿಂದ ಬಂತು ಎಂದರೆ, ಅವರಪ್ಪ ಬಾಬುಸಾಬನ ರದ್ದಿ ಅಂಗಡಿಯಿಂದ. ಜೋರಾಪುರ ಪೇಟೆಯಲ್ಲಿ ಮನೆ, ಗಾಂಧಿ ಚೌಕದ ಹಿಂದಿನ ಸಂದಿಯಲ್ಲಿ ಅಂಗಡಿ. ತೂಕಕ್ಕೆ ಬಂದ ಪುಸ್ತಕಗಳಲ್ಲಿ ಶಾಲೆಯವನ್ನು ಬಡವರ ಮಕ್ಕಳು ಒಯ್ಯುತ್ತಿದ್ದರು. ದೊಡ್ಡ ದೊಡ್ಡ ಸಾಹಿತ್ಯದವನ್ನು ಮೇಷ್ಟ್ರುಗಳು ಬಂದು ಆರಿಸಿಕೊಂಡು ಹೋಗುತ್ತಿದ್ದರು. ಯಾರೂ ಕೇಳದೆ ಮೂಲೆಯಲ್ಲಿ ಉಳಿಯುತ್ತಿದ್ದವು ದೆವ್ವಗಳು ಮತ್ತು ರಾಕೆಟ್ಟುಗಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಈ ಉಳಿದ ಪುಸ್ತಕಗಳು. ಹೀಗೆ ಬೆಳೆದಳು. "ಯಾರಿಗೂ ಬ್ಯಾಡಾದದ್ದು ನನಗ ಬೇಕು ಅನ್ನೂದು ಅಲ್ಲೇ ಕಲತೆ" ಎಂದು ಒಮ್ಮೆ ಹೇಳಿದ್ದಳು. ಗಂಡ ಇಸಾಕ ಆಟೋ ಓಡಿಸುತ್ತಾನೆ. ಪುಸ್ತಕ ಮುಟ್ಟುವವನಲ್ಲ. ಆದರೆ ಯಾವ ಗಿರಾಕಿಯ ಮನೆಯಲ್ಲಿ ಹಳೆಯ ಪುಸ್ತಕದ ಗಂಟು ಕಂಡರೂ ಕೇಳಿ ತಂದುಕೊಡುತ್ತಾನೆ. ಬೆಳಿಗ್ಗೆ ಅವಳು ಬಸ್ಸಿನಲ್ಲಿ ತಿಕೋಟಾಕ್ಕೆ ಬರುತ್ತಾಳೆ, ಬುರ್ಖಾ ತೆಗೆದು ಮೊಳೆಗೆ ತೂಗುಹಾಕುತ್ತಾಳೆ, ಕುಳಿತು ಓದುತ್ತಾಳೆ.

ಈ ಓದನ್ನು ಎಲ್ಲರಿಗಿಂತ ಜೀವ ಕೊಟ್ಟು ಕೇಳುತ್ತಿದ್ದವಳು ಭಾಗ್ಯಾ. ಕಾಖಂಡಕಿಯ ಹುಡುಗಿ, ತಿಕೋಟಾದ ಸೊಸೆ. ಗಂಡ ಶಿವಾಜಿ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಎರಡು ಹೆಣ್ಣು ಮಕ್ಕಳು. ಭಾಗ್ಯಾ ಬಾಯಿ ತೆರೆಯುವುದೇ ಅಪರೂಪ, ಆದರೆ ಕೇಳಿದ್ದನ್ನು ಒಂದಕ್ಷರ ಬಿಡದೆ ನೆನಪಿಡುವವಳು. ಮಿನಾಜಕ್ಕ ಹಿಂದಿನ ದಿನ ಎಲ್ಲಿ ನಿಲ್ಲಿಸಿದ್ದು ಎಂದು ಮರೆತರೆ, ಕಡೆಯ ಸಾಲನ್ನು ಭಾಗ್ಯಾ ಹಾಗೆಯೇ ಒಪ್ಪಿಸುತ್ತಿದ್ದಳು, ಅದೂ ಪುಸ್ತಕದ ಕನ್ನಡದಲ್ಲಿ.

ಎರಡನೆಯ ಹೆರಿಗೆಯಲ್ಲಿ ಅವಳ ಜೀವ ಹೋಗಿ ಬಂದಿತ್ತು. ರಕ್ತ ನಿಲ್ಲಲೇ ಇಲ್ಲವಂತೆ. ವಿಜಯಪುರದ ಡಾಕ್ಟರು ಗಂಡನನ್ನೂ ಅತ್ತೆಯನ್ನೂ ಎದುರಿಗೆ ನಿಲ್ಲಿಸಿಕೊಂಡು, ಮೂರನೆಯದು ಬೇಡ, ಈಕೆ ಉಳಿಯುವುದಿಲ್ಲ, ಆಪರೇಷನ್ ಮಾಡಿಸಿಬಿಡಿ ಎಂದಿದ್ದರು. ಭಾಗ್ಯಾ ಗಂಡನನ್ನು ಕೇಳಿದಳು. ಅವನು, "ಅವ್ವನ್ನ ಕೇಳು" ಎಂದ. ಅತ್ತೆ ಲಕ್ಕವ್ವನನ್ನು ಕೇಳಿದಳು. "ಡಾಕ್ಟರಗೇನ ಗೊತ್ತು? ಒಂದ ಗಂಡ ಹಡದ ಕೊಟ್ಟ ಆಮ್ಯಾಲ ಏನರ ಮಾಡಕೋ" ಎಂದಳು ಲಕ್ಕವ್ವ. ಕೆಟ್ಟವಳಲ್ಲ ಲಕ್ಕವ್ವ. ಆದರೆ ಹಠ ಹಿಡಿದರೆ ಬ್ರಹ್ಮ ಬಂದರೂ ಬಿಡಿಸಲಾಗದು. ಶಿವಾಜಿಯೂ ಕೆಟ್ಟವನಲ್ಲ. ತಾಯಿಯ ಮುಂದೆ ಅವನಿಗೆ ನಾಲಿಗೆ ಇಲ್ಲ, ಅಷ್ಟೇ. ಒಳ್ಳೆಯವರ ನಡುವೆಯೇ ಈ ಹುಡುಗಿ ಸಾಯುವ ಹಾಗೆ ಆಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಮಿನಾಜಕ್ಕ, ಈ ಸಲ ಹೊಟ್ಟಿ ನಿಂತ್ರ ನಾ ಉಳಿಯಂಗಿಲ್ಲ" ಎಂದು ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಭಾಗ್ಯಾ ಹೇಳಿದಳು. ಮಿನಾಜಕ್ಕ ಅವಳ ಕೈ ಹಿಡಿದುಕೊಂಡಳು. ಆಮೇಲೆ ಓದಿದಳು. ಆವತ್ತು ದೆವ್ವದ ದಿನ.

ಅದಾದ ಕೆಲವು ದಿನಕ್ಕೆ ಭಾಗ್ಯಾ ಕೆಲಸಕ್ಕೆ ಬರುವುದು ನಿಂತಿತು. ಜ್ವರವೋ ಏನೋ ಎಂದುಕೊಂಡಿದ್ದೆವು. ಒಂದು ಬೆಳಿಗ್ಗೆ ಲಕ್ಕವ್ವ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು. ಹಿಂದೆ ಶಂಕರೆಪ್ಪ ಸಾಹುಕಾರರು.

"ಯಾರಬೇ ಇಲ್ಲಿ ಪುಸ್ತಕ ಓದಾಕಿ?"

"ನಾ ರೀ. ಬರ್ರಿ, ಕುಂದರ್ರಿ, ನೀರ ಕುಡೀರಿ" ಎಂದಳು ಮಿನಾಜಕ್ಕ.

"ನೀರ ಕುಡಿಯಾಕ ಬಂದಿಲ್ಲ ನಾ! ನಿನ್ನ ಪುಸ್ತಕದಾಗಿನ ದೆವ್ವ ನಮ್ಮ ಸೊಸಿ ಮೈಯಾಗ ಹೊಕ್ಕೈತಿ. ತಲಿ ಬಿಟಗೊಂಡ ಕುಂದರತಾಳ, ಕಣ್ಣ ಹಿಂಗ ಮಾಡತಾಳ. ನನ್ನ ಮಗ ಬಾಜೂಕ ಹೋದ್ರ ಏನಂತಾಳ ಗೊತ್ತೈತೇನ? 'ಎಲೈ ಮೂಢನೇ, ನನ್ನನ್ನು ಸ್ಪರ್ಶಿಸಬೇಡ! ಸ್ಪರ್ಶಿಸಿದರೆ ಭಸ್ಮವಾಗುವೆ!' ಅಂತಾಳ. ಅಯ್ಯ ನಮ್ಮವ್ವ! ನಮ್ಮೂರ ದೆವ್ವ ನಾ ನೋಡಿಲ್ಲೇನು? ನಮ್ಮ ದೆವ್ವ ಬೈತಾವ, ಕೋಳಿ ಬೇಡತಾವ. ಇದು ಟೀವಿಯಾಗ ವಾರ್ತಾ ಓದಿದಂಗ ಮಾತಾಡತೈತಿ. ಮೈಸೂರ ಕಡೀದ ಇರಬೇಕ ಅಂತ ಎಲ್ಲಾರೂ ಅನ್ನಾಕತ್ತಾರ."

ಲಕ್ಕವ್ವನ ಮಾತು ಇನ್ನೂ ಮುಗಿದಿರಲಿಲ್ಲ.

"ಎಲ್ಲಿಂದ ಬಂದಿ ಅಂತ ಕೇಳಿದ್ರ, 'ಭೂವಾಸಿಗಳೇ, ನಾನು ಶುಕ್ರಗ್ರಹದಿಂದ ಬಂದಿದ್ದೇನೆ' ಅಂತೈತಿ! ಶನಿ ಕಾಟ ಕೇಳೇನಿ. ರಾಹು ಕಾಟ ಕೇಳೇನಿ. ಅದಕ್ಕ ಶಾಂತಿ ಮಾಡಸತಾರ. ಶುಕ್ರನ ಕಾಟ ಎಲ್ಲೆರ ಕೇಳೀರೇನ ನೀವ?"

ಶೆಡ್ಡಿನಲ್ಲಿದ್ದ ಒಬ್ಬೊಬ್ಬರಿಗೂ ಆ ಕ್ಷಣವೇ ತಿಳಿಯಿತು. ಮೂಢನೇ ಎಂದದ್ದು ದೆವ್ವದ ಪುಸ್ತಕದ ಸೊಸೆ. ಭೂವಾಸಿಗಳೇ ಎಂದದ್ದು ಮರುದಿನದ ಪುಸ್ತಕದಲ್ಲಿ ಶುಕ್ರಗ್ರಹದಿಂದ ಇಳಿದು ಬಂದವನು. ನಮ್ಮ ಭಾಗ್ಯಾ ಎರಡನ್ನೂ ಕಲಸಿ ಒಂದು ಮಾಡಿದ್ದಳು. ಎಲ್ಲರೂ ತಲೆ ಬಗ್ಗಿಸಿ ದ್ರಾಕ್ಷಿ ಆರಿಸತೊಡಗಿದರು. ಅಷ್ಟು ಶ್ರದ್ಧೆಯಿಂದ ಅವರು ಎಂದೂ ಆರಿಸಿರಲಿಲ್ಲ. ಸಕ್ರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ನಾನು ತಕ್ಕಡಿಯ ಕಡೆ ತಿರುಗಿ ನಿಂತೆ. ಒಬ್ಬರೂ ಬಾಯಿ ಬಿಡಲಿಲ್ಲ. ಆ ಹೆಣ್ಣುಮಕ್ಕಳ ಬಗ್ಗೆ ನನಗೆ ಆವತ್ತು ಬಂದ ಹೆಮ್ಮೆ ಬಿ.ಎ. ಡಿಗ್ರಿ ಕೈಗೆ ಬಂದಾಗಲೂ ಬಂದಿರಲಿಲ್ಲ.

ಮಿನಾಜಕ್ಕ ಮಾತ್ರ ನಗಲಿಲ್ಲ. "ಶಿವಾಜಿ ಮುಟ್ಟಿದನೇನ್ರೀ?" ಎಂದು ಕೇಳಿದಳು.

"ಮುಟ್ಟತಾನೇನ! ಹೆದರಿ ಅಂಗಳದಾಗ ಮಲಗಾಕತ್ತಾನ."

ಮಿನಾಜಕ್ಕನ ಮುಖ ಅರಳಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಲಕ್ಕವ್ವ ಮುಂದುವರಿಸಿದಳು: "ಅಮಾಸಿ ದಿನ ಯಲಗೂರಪ್ಪ ಬರತಾನ. ಖಾರದ ಹೊಗಿ ಹಾಕಿ ಬಾರಕೋಲಲೆ ನಾಕ ಹಾಕಿದ ಅಂದ್ರ, ಶುಕ್ರ ಇರ್ಲಿ ಶನಿ ಇರ್ಲಿ, ಇಳದ ಹೋಗತೈತಿ."

ಯಲಗೂರಪ್ಪ ಸುತ್ತಲಿನ ಹಳ್ಳಿಗಳಲ್ಲಿ ದೆವ್ವ ಬಿಡಿಸುವವನು. ಅವನ ಕೈಗೆ ಸಿಕ್ಕ ಹೆಂಗಸರ ಬೆನ್ನು ನಾವು ನೋಡಿದ್ದೇವೆ. ಶೆಡ್ಡಿನಲ್ಲಿ ನಗು ಸತ್ತುಹೋಯಿತು.

ಲಕ್ಕವ್ವ ಹೋದ ಮೇಲೆ ಸಾಹುಕಾರರು ಮಿನಾಜಕ್ಕನ ಚೀಲದಿಂದ ಎರಡೂ ಪುಸ್ತಕ ತೆಗೆದರು. "ಇವತ್ತಿಗೆ ಇದು ಬಂದ್. ಇಂಥಾ ಹೊಲಸ ಓದಿ ಮಂದಿ ಮನಿ ಹಾಳ ಮಾಡಾಕತ್ತೀರಿ. ಓದೂದಿದ್ರ ನಾಕ ಮಂದಿಗೆ ಬುದ್ಧಿ ಬರೂವಂಥಾದ್ದ ಓದ್ರಿ" ಎಂದು ಆಫೀಸಿನ ಕಪಾಟಿಗೆ ಹಾಕಿ ಕೀಲಿ ಜಡಿದರು.

ಮಿನಾಜಕ್ಕ ಎದ್ದು ನಿಂತಳು. ಅವಳ ಕಿವಿ ಕೆಂಪಾಗಿತ್ತು. "ಸಾವುಕಾರ್ರ, ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ಸಿಟ್ಟಾದ್ರೂ ಹೇಳತೇನಿ. ದೆವ್ವ ಯಾರ ಮನೀನೂ ಹಾಳ ಮಾಡಂಗಿಲ್ಲ. ಮೊದಲ ಹಾಳಾದ ಮನಿಗೆ ಹೋಗಿ ಕುಂದರತಾವ, ಅಷ್ಟ. ನಾ ಓದಿದ ಒಂದೊಂದ ಪುಸ್ತಕದಾಗೂ ಹಂಗ ಐತಿ. ಹೇಳಿದ್ದ ಕೇಳದ ಮನ್ಯಾಗ ದೆವ್ವ ಹುಟ್ಟತಾವ. ಬುದ್ಧಿ ಬರೂದ ಓದಂತೀರಿ. ಇದಕ್ಕಿಂತ ಬುದ್ಧಿ ಮಾತ ಯಾವುದೈತಿ ಹೇಳ್ರಿ, ಓದತೇನಿ. ಪುಸ್ತಕ ಕಪಾಟಿನ್ಯಾಗ ಇಟಗೋರ್ರಿ. ಓದಿದ್ದನ್ನ ಯಾವ ಕಪಾಟಿನ್ಯಾಗ ಇಡತೀರಿ?"

ಹಾಗೆಂದವಳೇ ಕುಳಿತು, ಹಿಂದಿನ ದಿನ ನಿಲ್ಲಿಸಿದಲ್ಲಿಂದ ಬಾಯಿಪಾಠ ಹೇಳಲು ಶುರುಮಾಡಿದಳು. ಸಾಹುಕಾರರು ಕೆಕ್ಕರಿಸಿಕೊಂಡು ನಿಂತರು. "ಬಾಯಿನೂ ಬಂದ್ ಮಾಡಸ್ಲೇನು?" ಎಂದರು. ಸಕ್ರವ್ವ ತಂಬಾಕಿನ ಉಗುಳನ್ನು ಹೊರಗೆ ಉಗಿದು ಬಂದು, "ಆಕಿ ಬಾಯಿ ಬಂದಾದ್ರ ನಮ್ಮ ಕೈನೂ ಬಂದಾಕ್ಕಾವ ನೋಡ್ರಿ ಸಾವುಕಾರ್ರ. ಬಬಲೇಶ್ವರ ಕಡೆ ಶೆಡ್ಡಿನವರು ದಿನಾ ಕರಿಯಾಕತ್ತಾರ" ಎಂದಳು. ಯಾರು ಕರೆಯುತ್ತಿದ್ದರೋ ದೇವರಿಗೇ ಗೊತ್ತು. ಸಾಹುಕಾರರು ಗೊಣಗುತ್ತ ಹೋದರು.

ಸಂಜೆ ಬಸ್ಸಿಗೆ ಕಾಯುವಾಗ ಮಿನಾಜಕ್ಕ ಬಹಳ ಸಪ್ಪಗಿದ್ದಳು. "ರಾಚವ್ವ, ನಿನಗ ಒಂದ ಗೊತ್ತಿಲ್ಲ. ನಾ ದೆವ್ವದ ಪುಸ್ತಕದ ಕಡೀ ಭಾಗ ಯಾವತ್ತೂ ಓದಿ ಹೇಳಿಲ್ಲ" ಎಂದಳು.

"ಅಂದ್ರ? ಎಲ್ಲಾ ಕತ್ಯಾಗೂ ಕಡೀಕ ದೆವ್ವ ಗೆದ್ದದ್ದು?"

"ನಾ ಗೆಲ್ಲಿಸಿದ್ದು. ಪುಸ್ತಕದಾಗ ಎಲ್ಲಾ ಕಡೆ ಒಬ್ಬ ಗಡ್ಡದಂವ ಬರತಾನ. ಮುನ್ನೂರ ಪುಟ ಆಕಿನ ದುಃಖ ಹೇಳಿ, ಕಡೀ ಇಪ್ಪತ್ತ ಪುಟದಾಗ ಆಕಿನ ಬಾಟಲಿಯಾಗ ತುಂಬಿ ಬೂಚ ಹಾಕತಾನ. ಬರದವ್ರಿಗೆ ಧೈರ್ಯ ಇಲ್ಲ. ಅದನ್ನ ನಿಮ್ಮ ಮುಂದ ಓದಾಕ ನನಗ ನಾಲಿಗಿ ಬರಲಿಲ್ಲ. ಪುಸ್ತಕ ನೋಡಕೋತ ನಂದ ನಾ ಹೇಳತಿದ್ದೆ."

ನನಗೆ ನಗು ಬಂತು. ಎಷ್ಟು ವರ್ಷದಿಂದ ನಮ್ಮನ್ನು ಆಡಿಸಿದ್ದಾಳಲ್ಲ ಈ ಹೆಂಗಸು! ಆದರೆ ಅವಳ ಕಣ್ಣು ನೋಡಿ ನಗು ನುಂಗಿಕೊಂಡೆ.

"ಭಾಗ್ಯಾ ನನ್ನ ದೆವ್ವ ನಂಬಿ ನೀರಿಗೆ ಇಳದಾಳ. ದೆವ್ವ ಎಂದೂ ಸೋಲಂಗಿಲ್ಲ ಅಂತ ತಿಳಕೊಂಡಾಳ. ಗಡ್ಡದಂವ ಬರತಾನ ಅಂತ ನಾ ಹೇಳಬೇಕಾಗಿತ್ತ."

"ಹಂಗಾರ ಖರೇ ಹೇಳಿಬಿಡೂಣು. ನಾಟಕ ಅಂತ ಗೊತ್ತಾದ್ರ ಹೊಡಿಯಂಗಿಲ್ಲಲ್ಲ" ಎಂದೆ ನಾನು.

"ಹೇಳಿದ್ರ ಹೊಗಿ ತಪ್ಪತೈತಿ. ಶಿವಾಜಿ ಅಂಗಳದಿಂದ ಒಳಗ ಬರತಾನ. ಮತ್ತ ಹೊಟ್ಟಿ ನಿಲ್ಲತೈತಿ. ಬಾರಕೋಲ ಒಂದ ಕಡೆ, ಸಾವ ಒಂದ ಕಡೆ. ನೀ ಬಿ.ಎ. ಓದೀ, ಯಾವುದ ಛಲೋ ಹೇಳ ನೋಡೂಣು?"

ಬಸ್ಸು ಬಂತು, ಅವಳು ಹತ್ತಿ ಹೋದಳು.

ಅಮಾವಾಸ್ಯೆಗೆ ನಮ್ಮಲ್ಲಿ 'ಕೆಲಸ' ಎಂದು ಯಾರೂ ಬಾಯಲ್ಲೂ ಅನ್ನುವುದಿಲ್ಲ. ಎತ್ತಿಗೆ ನೊಗ ಹೂಡುವುದಿಲ್ಲ, ಶೆಡ್ಡಿನ ಬಾಗಿಲು ತೆಗೆಯುವುದಿಲ್ಲ. ಆವತ್ತು ಮಿನಾಜಕ್ಕ ಗಂಡ ಇಸಾಕನ ಆಟೋದಲ್ಲಿ ವಿಜಯಪುರದಿಂದ ಬಂದಳು. ಸಕ್ರವ್ವ ಮತ್ತು ನಾನು ಹತ್ತಿಕೊಂಡೆವು. ಏನು ಮಾಡುತ್ತೀ ಎಂದು ಕೇಳಿದರೆ, "ಗೊತ್ತಿಲ್ಲ. ಪುಸ್ತಕದಾಗ ಇಲ್ಲದ್ದು ಮಾಡಬೇಕ" ಎಂದಷ್ಟೇ ಹೇಳಿದಳು.

ಲಕ್ಕವ್ವನ ಮನೆಯ ಅಂಗಳದಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ನಡುವೆ ಕೆಂಡ ತುಂಬಿದ ಬುಟ್ಟಿಯಂಥ ಕಬ್ಬಿಣದ ಬೋಗುಣಿ, ಪಕ್ಕದಲ್ಲಿ ಒಣ ಮೆಣಸಿನಕಾಯಿಯ ರಾಶಿ. ಯಲಗೂರಪ್ಪ ಹಣೆಯ ತುಂಬ ಅರಿಶಿನದ ಭಂಡಾರ ಬಳಿದುಕೊಂಡು, ಮೊಣಕಾಲ ಮೇಲೆ ಬಾರುಕೋಲು ಇಟ್ಟುಕೊಂಡು ಕುಳಿತಿದ್ದ. ಗಡ್ಡ ಇರಲಿಲ್ಲ, ಪುಸ್ತಕದವನಿಗೂ ಇವನಿಗೂ ಅದೊಂದೇ ವ್ಯತ್ಯಾಸ. ಶಿವಾಜಿ ಗೋಡೆಗೆ ಆತು ನಿಂತಿದ್ದ, ಇಬ್ಬರು ಹುಡುಗಿಯರು ಅವನ ಕಾಲಿಗೆ ಜೋತುಬಿದ್ದಿದ್ದರು. ನಡುವೆ ಭಾಗ್ಯಾ, ತಲೆ ಬಿಚ್ಚಿಕೊಂಡು. ನಮ್ಮನ್ನು ನೋಡಿದ ಕೂಡಲೇ ಅವಳ ಕಣ್ಣಿಗೆ ಜೀವ ಬಂತು.

"ಭೂವಾಸಿಯೇ, ದೂರ ಸರಿ!" ಎಂದಳು ಯಲಗೂರಪ್ಪನಿಗೆ.

"ನೋಡ್ರಿ, ಹಿಂಗಂತೈತಿ" ಎಂದಳು ಲಕ್ಕವ್ವ, ಎಲ್ಲರಿಗೂ ತೋರಿಸುವಂತೆ.

ಯಲಗೂರಪ್ಪ ಒಂದು ಹಿಡಿ ಮೆಣಸಿನಕಾಯಿ ಕೆಂಡದ ಮೇಲೆ ಎಸೆದ. ಅಂಗಳದ ತುಂಬ ಘಾಟು ಎದ್ದಿತು. ಮಕ್ಕಳು ಕೆಮ್ಮಿ ಕೆಮ್ಮಿ ಅಳತೊಡಗಿದವು. ಅವನು ಬೋಗುಣಿಯನ್ನು ಭಾಗ್ಯಾಳ ಮುಖದ ಕಡೆಗೆ ಸರಿಸಿ ಬಾರುಕೋಲು ಎತ್ತಿದ.

ಮಿನಾಜಕ್ಕ ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. ಹೋದವಳೇ ಭಾಗ್ಯಾಳ ಭುಜಕ್ಕೆ ಭುಜ ತಾಗಿಸಿ ನೆಲದ ಮೇಲೆ ಕುಳಿತಳು. "ಹೊಡೀರಿ. ಮೊದಲ ನನಗ ಹೊಡೀರಿ" ಎಂದಳು.

"ಏ, ಯಾರಬೇ ನೀ? ಏಳ ಅಲ್ಲಿಂದ!"

"ದೆವ್ವ ನನ್ನ ಬಾಯಿಂದ ಇಕಿ ಮೈಯಾಗ ಹೋಗೈತಿ ಅಂತ ಈ ಮನಿಯವ್ರ ಊರ ತುಂಬ ಹೇಳ್ಯಾರ. ಅಂದ ಮ್ಯಾಲ ಮೂಲ ನಾ. ಇಕಿನ್ನ ಹೊಡದ್ರ ಏನ ಬಂತು? ನನ್ನ ಹಂತೇಕ ಇನ್ನೂ ಎಷ್ಟ ಅದಾವ ಗೊತ್ತೈತೇನ? ಕುರುಡ ದೆವ್ವ, ಕುಂಟ ದೆವ್ವ, ಬಾಣಂತಿ ದೆವ್ವ, ಬ್ಯಾರೆ ಬ್ಯಾರೆ ಗ್ರಹದವರು. ಹೊಗಿ ಹಾಕೂದಿದ್ರ ನಮ್ಮಿಬ್ಬರಿಗೂ ಹಾಕ್ರಿ."

ಜನ ಗುಜುಗುಜು ಎಂದರು. ಅಷ್ಟರಲ್ಲಿ ಸಕ್ರವ್ವ, "ನಾನೂ ಕೇಳೇನಿ ಆ ಕತಿ. ನನ್ನ ಮೈಯಾಗೂ ಹೊಕ್ಕಿರಬೇಕ. ಸರೀ ಅತ್ತಾಗ. ಮೊಣಕಾಲ ಮಡಚಾಕ ಬರವಲ್ಲದು, ಕುಂದರಾಕ ಒಂದ ಮಣಿ ಕೊಡ್ರಿ ಯಾರರ" ಎಂದು ಇನ್ನೊಂದು ಮಗ್ಗುಲಿಗೆ ಕುಳಿತಳು. ನಾನು? ಸುಳ್ಳು ಯಾಕೆ ಹೇಳಲಿ, ಓಡಿಹೋಗೋಣವೆಂದು ಮೊದಲು ಬಾಗಿಲ ಕಡೆ ನೋಡಿದೆ. ಆಮೇಲೆ ನಾನೂ ಹೋಗಿ ಕುಳಿತುಬಿಟ್ಟೆ. ಬಾಗಿಲಲ್ಲಿ ಇಸಾಕ ಕೈಕಟ್ಟಿಕೊಂಡು ನಿಂತು, ಕಣ್ಣು ಮಿಟುಕಿಸದೆ ಯಲಗೂರಪ್ಪನ ಕೈಯಲ್ಲಿದ್ದ ಬಾರುಕೋಲನ್ನೇ ನೋಡುತ್ತಿದ್ದ.

ತಾವಾಗಿಯೇ ಸಾಲು ಹಚ್ಚಿ ಕುಳಿತವರನ್ನು ಯಲಗೂರಪ್ಪ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಬಾರುಕೋಲು ಇಳಿಸಿದ. ಮರ್ಯಾದೆ ಉಳಿಯಬೇಕಲ್ಲ, "ಹೊಡತ ಆಮ್ಯಾಲ ನೋಡೂಣು. ಮೊದಲ ಇದನ್ನ ಮಾತಾಡಸತೇನಿ" ಎಂದು ಕೆಮ್ಮುತ್ತ ಭಾಗ್ಯಾಳ ಮುಂದೆ ಕುಳಿತ. ದೆವ್ವ ಬಿಡಿಸುವವರು ಕೇಳುವ ಮಾತನ್ನೇ ಗದರಿಸಿ ಕೇಳಿದ.

"ಯಾರ ನೀ? ಹೆಸರ ಹೇಳ!"

ಭಾಗ್ಯಾ ಬಾಯಿ ತೆರೆದಳು. ಪುಸ್ತಕದ ಯಾವ ಸಾಲು ಹೇಳಲಿ ಎಂಬಂತೆ ಮಿನಾಜಕ್ಕನ ಮುಖ ನೋಡಿದಳು. ಮಿನಾಜಕ್ಕ ಏನನ್ನೂ ಹೇಳಿಕೊಡಲಿಲ್ಲ. ಅವಳ ಕಣ್ಣಿನಿಂದ ಘಾಟಿಗೋ ಏನಕ್ಕೋ ನೀರು ಇಳಿಯುತ್ತಿತ್ತು.

"ಹೇಳ! ಯಾರ ನೀ?"

"ಭಾಗ್ಯಾ" ಎಂದಳು ಭಾಗ್ಯಾ. ದನಿ ಅವಳದೇ ಆಗಿತ್ತು.

ಯಲಗೂರಪ್ಪ ಏನೂ ತೋಚದೆ ರೂಢಿಯ ಮುಂದಿನ ಮಾತು ಕೇಳಿದ. "ಎಲ್ಲಿಂದ ಬಂದಿ?"

"ಕಾಖಂಡಕಿಯಿಂದ. ನೀವ ಎಲ್ಲಾರೂ ಬಾಜಾ ಬಾರಿಸಿ ಕರಕೊಂಡ ಬಂದೀರಿ."

"ಏನ ಬೇಕ ನಿನಗ?"

"ಆಪರೇಷನ್. ಇನ್ನೊಂದ ಹಡದ್ರ ಸಾಯತಿ ಅಂತ ಡಾಕ್ಟರು ಇವರ ಎದರಿಗೇ ಹೇಳ್ಯಾರ. ನಾ ಬಾಯಿಲೆ ಕೇಳಿದೆ, ಕೈ ಮುಗದ ಕೇಳಿದೆ, ಯಾರೂ ಕೇಳಲಿಲ್ಲ. ದೆವ್ವಾಗಿ ಹೇಳಿದೆ, ಅಂಗಳದಾಗ ಹೋಗಿ ಮಲಗಿದ್ರು. ಈಗ ನಾನ ಹೇಳಾಕತ್ತೇನಿ, ಎಲ್ಲಾರೂ ಕೇಳ್ರಿ. ನಾ ಸಾಯಂಗಿಲ್ಲ."

"ಯಾವಾಗ ಬಿಟ್ಟ ಹೋಗತಿ?" ಎಂದು ಅವನ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು.

"ಯಾಕ ಹೋಗ್ಲಿ? ನನ್ನ ಮಕ್ಕಳ ಇಲ್ಲಿ ಅದಾವ. ನನ್ನ ಮನಿ ಇದು. ನಾ ಎಲ್ಲೂ ಹೋಗಂಗಿಲ್ಲ."

ಯಲಗೂರಪ್ಪ ಬಾರುಕೋಲು ಸುತ್ತಿ ಬಗಲಲ್ಲಿ ಇಟ್ಟುಕೊಂಡ. "ಇದು ನನ್ನ ಕೈಲೆ ಆಗೂವಂಥಾದ್ದಲ್ಲ ಬಿಡ್ರಿ" ಎಂದು ಎದ್ದ. ಲಕ್ಕವ್ವ ಕುಳಿತಲ್ಲೇ ಹಣೆ ಹಣೆ ಬಡಿದುಕೊಂಡಳು. "ಅಯ್ಯ ಯಪ್ಪಾ! ದೆವ್ವ ಆಗಿದ್ರರ ಬಿಡಸಬಹುದಿತ್ತಲ್ಲೋ! ಇಕಿನ್ನ ಹೆಂಗ ಬಿಡಸ್ಲಿ?"

ಯಾರೂ ನಗಲಿಲ್ಲ. ಸಕ್ರವ್ವ ಕೂಡ ನಗಲಿಲ್ಲ. ಶಿವಾಜಿ ಗೋಡೆ ಬಿಟ್ಟು ಬಂದು, ಬಾಗಿಲ ಬಳಿಯ ಕೊಡ ಎತ್ತಿ, ಕೆಂಡದ ಮೇಲೆ ಸುರಿದ. ಹೊಗೆ ಆರುವತನಕ ತಲೆ ಬಗ್ಗಿಸಿ ಅಲ್ಲೇ ನಿಂತಿದ್ದ. ತಾಯಿಯ ಕಡೆ ನೋಡಲಿಲ್ಲ.

"ದವಾಖಾನಿಗೆ... ಯಾವಾಗ ಹೋಗೂದು?" ಎಂದು ಕೇಳಿದ.

ಭಾಗ್ಯಾ ಎರಡೂ ಕೈಯಿಂದ ಕೂದಲು ಒಟ್ಟು ಮಾಡಿ, ಗಟ್ಟಿಯಾಗಿ ತುರುಬು ಕಟ್ಟಿಕೊಂಡಳು. "ನಾಳೆ. ನೀವೂ ಬರ್ರಿ. ಹುಡುಗೂರನ್ನ ಎತಗೊಳ್ಳಾಕ ಯಾರರ ಬೇಕಲ್ಲ" ಎಂದಳು.